ಬದುಕಿದ್ದವಳ ಆತ್ಮಶಾಂತಿಗೆ

ಕ್ಷಯ ಬಂದು ಬದುಕಿ ಉಳಿದವರನ್ನು ಜನ ಒಂದೇ ಪ್ರಶ್ನೆ ಕೇಳುತ್ತಾರೆ: ಅಷ್ಟು ಕಾಲ ಆಸ್ಪತ್ರೆಯಲ್ಲಿ ಹೇಗಿದ್ದಿರಿ? ದೇವರ ದಯೆ ಎಂದು ನಾನು ಹೇಳಬೇಕು, ಅವರು ತಲೆಯಾಡಿಸಬೇಕು. ದೇವರ ದಯೆ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಬೆಳಿಗ್ಗೆ ಎದ್ದು ಆ ಕಹಿ ಮಾತ್ರೆಗಳನ್ನು ನುಂಗುವಾಗ ನನ್ನ ಕಣ್ಣ ಮುಂದಿರುತ್ತಿದ್ದುದು ಯೇಸುಸ್ವಾಮಿಯ ಮುಖವಲ್ಲ, ನನ್ನ ಓರಗಿತ್ತಿ ಜ್ಞಾನಮ್ಮನ ಮುಖ. ಬದುಕಿ ಹೋಗಿ ಅವಳೆದುರು ನಿಲ್ಲಬೇಕು, ಅವಳು ನನಗೆ ಉಣಿಸಿದ್ದನ್ನು ಅವಳಿಗೂ ಉಣಿಸಬೇಕು ಎಂಬ ಹಟದಲ್ಲಿ ನಾನು ಉಸಿರು ಹಿಡಿದಿದ್ದೆ. ಇದೇ ಕಾಯಿಲೆಯಲ್ಲಿ ಮಲಗಿ, ಒಳಗೊಳಗೇ ಯಾರ ಮೇಲೋ ಕುದಿಯುತ್ತಾ, ತನ್ನಂಥ ಪಾಪಿ ಇನ್ನೊಬ್ಬಳಿಲ್ಲ ಎಂದುಕೊಳ್ಳುತ್ತಿರುವವಳು ಎಲ್ಲಾದರೂ ಇದ್ದರೆ ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಆರೋಗ್ಯಮ್ಮ. ಆರೋಗ್ಯ ಮಾತೆಯ ಹೆಸರು. ಕಾಯಿಲೆ ಬಿದ್ದ ಮೇಲೆ ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗುತ್ತಿತ್ತು. ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ಕೇಳಿ ತುಟಿಯಂಚಿನಲ್ಲಿ ನಕ್ಕಿದ್ದ. ತವರು ಹೊಸಕೋಟೆ ಕಡೆಯ ಹಳ್ಳಿ. ಮದುವೆಯಾಗಿ ಬಂದದ್ದು ದೊಡ್ಡಬಳ್ಳಾಪುರಕ್ಕೆ, ರೇಷ್ಮೆ ಸೀರೆ ನೇಯುವ ಮನೆಗೆ. ಎರಡು ಮಗ್ಗ. ಒಂದರಲ್ಲಿ ನಮ್ಮ ಯಜಮಾನರು ಚೌರಪ್ಪ ಕೂರುತ್ತಿದ್ದರು, ಇನ್ನೊಂದರಲ್ಲಿ ಅವರ ಅಣ್ಣ ಇನ್ನಾಸಪ್ಪ. ಭಾವ ನಮ್ಮ ಗುಡಿಯ ಉಪದೇಶಿಯೂ ಆಗಿದ್ದರು. ನಮ್ಮ ಕಡೆಯ ಕ್ರೈಸ್ತರು ಚರ್ಚನ್ನು ಗುಡಿಯೆಂದೇ ಕರೆಯುತ್ತೇವೆ. ಭಾನುವಾರ ಸ್ವಾಮಿಗಳು, ಅಂದರೆ ಪಾದ್ರಿಗಳು, ಬಂದು ಪೂಜೆ ಕೊಟ್ಟು ಹೋದರೆ, ಉಳಿದ ದಿನ ಜಪ ಹೇಳಿಸುವುದು, ಮಕ್ಕಳಿಗೆ ಮಂತ್ರ ಕಲಿಸುವುದು ಉಪದೇಶಿಯ ಕೆಲಸ. ಲ್ಯಾಟಿನ್ನಿನಲ್ಲಿದ್ದ ಪೂಜೆ ಕನ್ನಡಕ್ಕೆ ಬರುತ್ತಿದ್ದ ಕಾಲ ಅದು.

ಭಾವನ ಹೆಂಡತಿ ಜ್ಞಾನಮ್ಮ. ತಗ್ಗಿ ನಡೆಯುವುದಕ್ಕೆ ಅವಳು ಹೆಸರುವಾಸಿ. ಗುಡಿ ಗುಡಿಸುವವಳು ಅವಳು, ಪೀಠದ ಬಟ್ಟೆ ಒಗೆಯುವವಳು ಅವಳು, ಕೊನೆಯ ಸಾಲಿನಲ್ಲಿ ಚಪ್ಪಲಿಗಳ ಪಕ್ಕ ಕೂರುವವಳೂ ಅವಳೇ. ಯಾರಾದರೂ ಹೊಗಳಿದರೆ, "ನಾನೇನು ಸ್ವಾಮಿ, ಕಾಲಕಸ" ಎಂದು ಸೆರಗೆಳೆದುಕೊಳ್ಳುತ್ತಿದ್ದಳು. ಊರಿಗೆ ಹೊಸದಾಗಿ ಬಂದ ಸೊಸೆಯಂದಿರಿಗೆಲ್ಲ ಜ್ಞಾನಮ್ಮನನ್ನು ನೋಡಿ ಕಲಿ ಎನ್ನುವುದು ವಾಡಿಕೆ. ನಾನೂ ನೋಡಿ ಕಲಿಯುತ್ತಿದ್ದೆ. ಅವಳಿಗೆ ಮಕ್ಕಳಿರಲಿಲ್ಲ. ನನಗೆ ಮಗಳು ಲೂರ್ದು ಹುಟ್ಟಿದಾಗ ಎಣ್ಣೆ ಹಚ್ಚಿ ನೀರೆರೆದದ್ದು, ಮೊಣಕಾಲ ಮೇಲೆ ಮಲಗಿಸಿಕೊಂಡು ತೂಗಿದ್ದು ಎಲ್ಲಾ ಅವಳೇ. ಆಗ ಅವಳ ಬಗ್ಗೆ ನನಗೆ ಪ್ರೀತಿಯಿತ್ತು. ಅದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಮಗುವಿಗೆ ಹಲ್ಲು ಬರುವ ಹೊತ್ತಿಗೆ ನನಗೆ ಕೆಮ್ಮು ಹಿಡಿಯಿತು. ಸಂಜೆಯಾದರೆ ಸಣ್ಣ ಜ್ವರ, ಬೆಳಗಿನ ಜಾವ ರವಿಕೆ ಒದ್ದೆಯಾಗುವಷ್ಟು ಬೆವರು. ಬಾಣಂತಿ ಸನ್ನಿಯ ಉಳಿಕೆ ಎಂದು ಕಷಾಯ ಕುಡಿಸಿದರು. ಒಂದು ದಿನ ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆ ಸುತ್ತುತ್ತಿದ್ದಾಗ ಕೆಮ್ಮು ಬಂತು. ಕೆನೆಬಣ್ಣದ ರೇಷ್ಮೆಯ ಮೇಲೆ ಕೆಂಪು ಹನಿ ಬಿತ್ತು. ಯಜಮಾನರು ಮಗ್ಗ ನಿಲ್ಲಿಸಿದರು. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು.

ನಮ್ಮೂರಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಬೆಂಗಳೂರಿಗೆ ಹೋಗಿ ಎಕ್ಸ್‌ರೇ ತೆಗೆಸಿ ಎಂದರು. ಅಲ್ಲಿ ಉದ್ದನೆಯ ಬೆಂಚು. ಬೆಂಚಿನವರೆಲ್ಲ ಬಾಯಿಗೆ ಬಟ್ಟೆ ಒತ್ತಿಕೊಂಡು, ಒಬ್ಬರು ಕೆಮ್ಮಿದರೆ ಉಳಿದವರು ಬೇರೆ ಕಡೆ ನೋಡುತ್ತಿದ್ದರು. ಪಕ್ಕದ ಮುದುಕಿಯೊಬ್ಬಳು ಮಡಿಲಿನಿಂದ ಕಡ್ಲೆಪುರಿ ತೆಗೆದು, ಏನೂ ಕೇಳದೆ ನನ್ನ ಅಂಗೈಗೆ ಸುರಿದಳು. ಅದನ್ನು ತಿನ್ನುತ್ತಾ ನಾನು ಅತ್ತುಬಿಟ್ಟೆ. ಒಳಗೆ ಡಾಕ್ಟರು ಯಜಮಾನರಿಗೆ ಹೇಳಿದರು: ಕ್ಷಯ, ಆಸ್ಪತ್ರೆಗೆ ಸೇರಿಸಬೇಕು, ಹಾಸಿಗೆ ಖಾಲಿಯಾಗುವ ತನಕ ಮನೆಯಲ್ಲಿ ಮಗುವನ್ನು ದೂರ ಇಡಿ.

ಮಗುವನ್ನು ದೂರ ಇಟ್ಟದ್ದು ಸರಿ. ಅದರ ಬಗ್ಗೆ ನನಗೆ ತಕರಾರಿಲ್ಲ. ಕೊಟ್ಟಿಗೆಯಲ್ಲಿ ನನಗೆ ಚಾಪೆ ಹಾಸಿ, ಬೇರೆ ತಟ್ಟೆ, ಬೇರೆ ಚೊಂಬು ಇಟ್ಟದ್ದೂ ಸರಿ. ಆದರೆ ಜ್ಞಾನಮ್ಮ ಮಗುವನ್ನು ಅಂಗಳದಾಚೆಯಿಂದಲೂ ತೋರಿಸಲಿಲ್ಲ. ಲೂರ್ದು ಅಳುವುದು ಕೇಳಿಸುತ್ತಿತ್ತು; ಬಾಗಿಲು ಮುಚ್ಚುವುದು ಕೇಳಿಸುತ್ತಿತ್ತು. ಭಾನುವಾರ ಪೂಜೆ ಮುಗಿಸಿ ಬಂದ ಹೆಂಗಸರು ಗೋಡೆಯಾಚೆ ನಿಂತು, "ಎಂಥಾ ತ್ಯಾಗ ಕಣಮ್ಮ ನಿಮ್ದು" ಎನ್ನುವುದು, ಅದಕ್ಕವಳು "ನಾನೇನು, ದೇವ್ರ ಜೀತದಾಳು" ಎನ್ನುವುದು ಎಲ್ಲಾ ಕೇಳಿಸುತ್ತಿತ್ತು.

ಆಸ್ಪತ್ರೆ ಬೆಂಗಳೂರಿನ ಹೊರಗಿತ್ತು. ಉದ್ದ ವಾರ್ಡು, ಎರಡೂ ಕಡೆ ದೊಡ್ಡ ಕಿಟಕಿಗಳು, ಚಳಿಗಾಲದಲ್ಲೂ ತೆರೆದೇ ಇರುತ್ತಿದ್ದವು. ನನ್ನ ಪಕ್ಕದ ಮಂಚದವಳು ನೆಲಮಂಗಲದ ಹತ್ತಿರದ ಅರಿಶಿನಕುಂಟೆಯ ಗೌರಮ್ಮ, ಒಕ್ಕಲುತನದ ಮನೆಯವಳು. ಮೊದಲ ವಾರ ನಾನು ಮಾತ್ರೆಗಳನ್ನು ಬಾಯಲ್ಲಿಟ್ಟುಕೊಂಡು ನರ್ಸ್ ಹೋದ ಮೇಲೆ ಉಗುಳುತ್ತಿದ್ದೆ. ಅವುಗಳ ಕಹಿ ಹೊಟ್ಟೆಯೇ ಕಿತ್ತುಬರುವಂತೆ ಮಾಡುತ್ತಿತ್ತು. ಗೌರಮ್ಮ ನೋಡಿಯೂ ನೋಡದವಳ ಹಾಗಿದ್ದು, ಒಂದು ಮಧ್ಯಾಹ್ನ ಕೇಳಿದಳು:

"ಮನೇಲಿ ಯಾರವ್ರೆ?"

ಹೇಳಿದೆ. ಮಗುವಿನ ವಿಷಯ, ಜ್ಞಾನಮ್ಮನ ವಿಷಯ.

"ಹಂಗಾದ್ರೆ ನೀನು ಸತ್ರೆ ಯಾರಿಗ್ ಲಾಬ?"

ನಾನು ಸೆರಗಿನಲ್ಲಿ ಬಾಯಿ ಒರೆಸಿಕೊಂಡೆ.

"ಉಗುಳು ಮತ್ತೆ. ಮಗು ಅವಳ್ದೇ ಆಗ್ಲಿ," ಎಂದು ಮಗ್ಗುಲು ತಿರುಗಿದಳು.

ಅಂದಿನಿಂದ ನಾನು ಒಂದು ಮಾತ್ರೆಯನ್ನೂ ಉಗುಳಲಿಲ್ಲ.

ಅಲ್ಲಿಗೆ ಬಂದು ರೋಗಿಗಳ ಸೇವೆ ಮಾಡುತ್ತಿದ್ದ ಕಾನ್ವೆಂಟಿನ ವಯಸ್ಸಾದ ಸಿಸ್ಟರ್ ಒಬ್ಬರಿದ್ದರು, ಮಂಗಳೂರು ಕಡೆಯವರು. ನಾವು ಕಫ ಉಗುಳುವ ಬಟ್ಟಲುಗಳನ್ನು ತೊಳೆಯುತ್ತಿದ್ದವರು ಅವರು. ಜ್ಞಾನಮ್ಮನ ಮೇಲಿನ ಸಿಟ್ಟಿನಿಂದ ಸೇವೆ ಮಾಡುವವರನ್ನೆಲ್ಲ ನಾನು ಅನುಮಾನಿಸತೊಡಗಿದ್ದೆ. ಒಮ್ಮೆ ಕೆಣಕುವ ಹಾಗೆಯೇ ಕೇಳಿದೆ: "ಸಿಸ್ಟರ್, ನಿಮಗೆ ಅಸಹ್ಯ ಆಗೋದೇ ಇಲ್ವಾ?"

"ದಿನವೂ ಆಗ್ತದೆ," ಎಂದರು.

"ಮತ್ತೆ?"

"ಬಟ್ಟಲು ತೊಳೀಲೇಬೇಕಲ್ಲ ಮಗಳೇ. ನನಗೆ ಅಸಹ್ಯ ಆಗ್ತದೆ ಅಂತ ಅದು ಕಾಯ್ತದಾ?"

ಕ್ರಿಸ್ಮಸ್ಸಿಗೆ ಮಗುವನ್ನು ಕರೆತಂದು ತಂತಿಬೇಲಿಯಾಚೆಯಿಂದ ತೋರಿಸುವುದಾಗಿ ಯಜಮಾನರು ಹೇಳಿದ್ದರು. ನಾನು ತಲೆ ಬಾಚಿಕೊಂಡು, ಗೌರಮ್ಮನ ಹೂವಿನ ಸೀರೆ ಉಟ್ಟು ಬೆಳಿಗ್ಗೆಯಿಂದ ಬೇಲಿ ಹತ್ತಿರ ನಿಂತಿದ್ದೆ. ಅವರು ಒಬ್ಬರೇ ಬಂದರು.

"ಅತ್ತಿಗೆ ಕಳಿಸ್ಲಿಲ್ಲ. ಬಸ್ಸಲ್ಲಿ ಗಾಳಿ ಆಗಲ್ಲ ಅಂದ್ರು." ಬೇಲಿಯ ತಂತಿ ಹಿಡಿದುಕೊಂಡು ಮತ್ತೆ ಹೇಳಿದರು: "ಇನ್ನೊಂದ್ ಮಾತು ಹೇಳು ಅಂದ್ರು. ಮಗೀನ ಆಸೆ ಇಟ್ಕೋಬ್ಯಾಡ್ವಂತೆ, ದೇವ್ರಿಗೆ ಒಪ್ಪಿಸ್ಬಿಡಬೇಕಂತೆ. ಕಷ್ಟ ಬಂದಾಗ ತಗ್ಗಿ ನಡೀಬೇಕಂತೆ."

"ನೀವೇನಂದ್ರಿ?"

ಅವರು ಕೈಯಲ್ಲಿದ್ದ ಚೀಲವನ್ನು ನೋಡಿದರು. ಅದರಲ್ಲಿ ಜ್ಞಾನಮ್ಮ ಮಾಡಿ ಕಳಿಸಿದ್ದ ಕಜ್ಜಾಯವಿತ್ತು. ವಾರ್ಡಿನವರಿಗೆಲ್ಲ ಹಂಚಿದೆ. ನಾನು ಬಾಯಿಗಿಡಲಿಲ್ಲ.

ಒಂದೂವರೆ ವರ್ಷದ ಮೇಲೆ, ಕಫದಲ್ಲಿ ರೋಗವಿಲ್ಲ, ಮನೆಗೆ ಹೋಗಬಹುದು ಎಂದರು. ನಾನು ಮನೆಯ ಹೊಸಿಲು ದಾಟಿದಾಗ ಲೂರ್ದು ಜ್ಞಾನಮ್ಮನ ಸೀರೆಯ ಹಿಂದೆ ಅಡಗಿ, "ಅವ್ವ, ಯಾರವ್ವ ಇವ್ರು?" ಎಂದಳು.

"ಆಸ್ಪತ್ರೆ ಚಿಕ್ಕವ್ವ," ಎಂದಳು ಜ್ಞಾನಮ್ಮ. ನನ್ನ ಕಡೆ ತಿರುಗಿ ಮೆಲ್ಲಗೆ, "ಒಂದೇ ಸಲ ಹೇಳಿದ್ರೆ ಮಗು ಹೆದರ್ಕೊಳ್ತದೆ. ನಿಧಾನ ಆಗ್ಲಿ," ಎಂದಳು.

ಆಗಲಿ ಎಂದುಕೊಂಡೆ. ಅಂದು ಸಂಜೆ ಮನೆಯವರೆಲ್ಲ ಜಪಕ್ಕೆ ಮಂಡಿಯೂರಿದರು. ನನಗಿನ್ನೂ ಮಂಡಿಯೂರುವ ಶಕ್ತಿಯಿಲ್ಲದೆ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದೆ. ಜಪದ ಕೊನೆಯಲ್ಲಿ ಲೂರ್ದುವಿನ ದನಿ ಕೇಳಿತು. ಬಾಯಿಪಾಠ ಮಾಡಿದ ಪದಗಳು, ತೊದಲಿಲ್ಲದೆ: "ತೀರಿಹೋದ ನನ್ನ ತಾಯಿ ಆರೋಗ್ಯಮ್ಮನ ಆತ್ಮಕ್ಕೆ ಶಾಂತಿ ಕೊಡಪ್ಪ." ಒಳಗೆ ಯಾರೋ ಥಟ್ಟನೆ ಅವಳ ಬಾಯಿ ಮುಚ್ಚಿದರು. ದಿನಾ ಹೇಳಿಸುತ್ತಿದ್ದುದನ್ನು ಅವತ್ತೊಂದು ದಿನ ನಿಲ್ಲಿಸಲು ಮರೆತಿದ್ದರು.

ನಾನು ಜಗಲಿಯಿಂದ ಏಳಲಿಲ್ಲ.

ಮಾರನೆಯ ದಿನ ಯಜಮಾನರನ್ನು ಕೇಳಿದೆ. ಅವರಿಗೆ ಗೊತ್ತಿತ್ತು. "ಮಗು ದಿನಾ ಅಳೋದು, ಅವ್ವ ಎಲ್ಲಿ ಅಂತ. ನೀನು ಉಳಿಯೋದೂ ಖಾತ್ರಿ ಇರ್ಲಿಲ್ಲ. ತೀರ್ಕೊಂಡ್ಲು ಅಂದ್ರೆ ಸುಮ್ನಾಗ್ತಾಳೆ ಅಂತ ಅತ್ತಿಗೆ ಅಂದ್ರು. ಸುಮ್ನಾದ್ಲು."

"ನಾನು ಉಳೀತೀನಿ ಅಂತ ಗೊತ್ತಾದ್ ಮೇಲೆ?"

ಅವರು ಎದ್ದು ಹೋಗಿ ಮಗ್ಗದಲ್ಲಿ ಕೂತರು.

ಆಗ ತಪಸ್ಸುಕಾಲ ನಡೆಯುತ್ತಿತ್ತು. ಗುಡಿಯವರೆಲ್ಲ ಒಂದು ಹೊತ್ತು ಉಪವಾಸವಿದ್ದು ಮನಸ್ಸು ತಗ್ಗಿಸಿಕೊಳ್ಳುವ ದಿನಗಳು. ನಾನು ಆ ದಿನಗಳಲ್ಲಿ ನನ್ನ ಸೇಡನ್ನು ರೂಪಿಸಿದೆ. ಪಾಸ್ಕ ಹಬ್ಬದಂದು, ಯೇಸುಸ್ವಾಮಿ ಸಾವಿನಿಂದ ಎದ್ದ ದಿನ, ಸುತ್ತಲಿನ ಹಳ್ಳಿಗಳ ಕ್ರೈಸ್ತರೆಲ್ಲ ನಮ್ಮ ಗುಡಿಗೆ ಬರುತ್ತಾರೆ. ಅವತ್ತು ಪೂಜೆ ಮುಗಿದ ಕೂಡಲೇ ಲೂರ್ದುವನ್ನು ಎಲ್ಲರ ಮುಂದೆ ನಿಲ್ಲಿಸಿ ಆ ಪ್ರಾರ್ಥನೆ ಹೇಳಿಸುತ್ತೇನೆ. ಆಮೇಲೆ ಎದ್ದು ನಿಂತು, ಸತ್ತವಳು ಇಲ್ಲಿದ್ದೇನೆ ನೋಡಿ ಎನ್ನುತ್ತೇನೆ. ಹಿತ್ತಲಲ್ಲಿ ಮಗುವಿಗೆ ಬೆಲ್ಲ ಕೊಟ್ಟು, "ಆ ಜಪ ಹೇಳು ಮರಿ, ಗಟ್ಟಿಯಾಗಿ ಹೇಳು," ಎಂದು ಅಭ್ಯಾಸ ಮಾಡಿಸಿದೆ. ಅಷ್ಟು ದಿನಗಳಲ್ಲಿ ಮಗು ನನ್ನ ಹತ್ತಿರ ಬರುತ್ತಿದ್ದುದು ಆ ಬೆಲ್ಲಕ್ಕೆ ಮಾತ್ರ.

ಅಷ್ಟರಲ್ಲಿ ಜ್ಞಾನಮ್ಮನ ಕೆಮ್ಮು ನನ್ನ ಗಮನಕ್ಕೆ ಬಂತು. ಉಪವಾಸದಿಂದ ಇಳಿದಿದ್ದಾಳೆ ಎಂದು ಹೆಂಗಸರು ಮೆಚ್ಚಿಕೊಳ್ಳುತ್ತಿದ್ದರು. ಅದು ಉಪವಾಸವಲ್ಲ ಎಂದು ಮೊದಲು ತಿಳಿದವಳು ನಾನು. ಸಂಜೆ ಕೆನ್ನೆಯ ಮೇಲೇಳುವ ಆ ಕೆಂಪು, ಕೆಮ್ಮು ತಡೆಯಲು ಮೆಟ್ಟಿಲ ಮೇಲೆ ನಿಂತುಬಿಡುವ ರೀತಿ, ಎಲ್ಲವೂ ನನ್ನದೇ. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಹಬ್ಬದೂಟದಂಥ ಸಂತೋಷ. ಎರಡು ದಿನ ಯಾರಿಗೂ ಹೇಳದೆ ಅದನ್ನು ಸವಿದೆ. ಮೂರನೆಯ ದಿನ ಮಧ್ಯಾಹ್ನ ಲೂರ್ದು ಅವಳ ಕೊರಳಿಗೆ ಮುಖವಿಟ್ಟು ಮಲಗಿದ್ದನ್ನು ನೋಡಿದೆ. ಸವಿ ಅಲ್ಲಿಗೆ ಮುಗಿಯಿತು.

ಒಗೆಯುವ ಕಲ್ಲಿನ ಹತ್ತಿರ ಅವಳು ಒಬ್ಬಳೇ ಸಿಕ್ಕಳು.

"ಅಕ್ಕ, ಸಂಜೆ ಜ್ವರ ಬರ್ತೈತಾ?"

"ಇಲ್ವಲ್ಲ."

"ಸೆರಗು ತೋರ್ಸು."

ಅವಳು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಆಮೇಲೆ ತಾನಾಗಿ ಮುಷ್ಟಿ ಬಿಚ್ಚಿದಳು. ಒಣಗಿದ ರಕ್ತದ ಕಲೆಗಳು.

"ಯಾರಿಗೂ ಹೇಳ್ಬ್ಯಾಡ ಆರೋಗ್ಯ. ಕಾಲಿಗ್ ಬೀಳ್ತೀನಿ. ಮಗೀನ ಕಿತ್ಕೋತಾರೆ."

"ಕಿತ್ಕೊಳ್ಳೋದು ನಾನೇ," ಎಂದೆ. "ಚಾಪೆ ಎತ್ಕೊಂಡು ಕೊಟ್ಟಿಗೆಗೆ ನಡಿ."

ಅವಳು ಒದ್ದೆ ಬಟ್ಟೆಗಳನ್ನು ಕಲ್ಲಿನ ಮೇಲೆ ಬಿಟ್ಟು ಹೋದಳು. ಲೂರ್ದು ಆ ದಿನವಿಡೀ ನನ್ನ ತೋಳು ಕಚ್ಚಿ, ಪರಚಿ, ಅವ್ವ ಬೇಕು ಎಂದು ಅತ್ತಳು. ನಾನು ಬಿಡಲಿಲ್ಲ.

ನಮ್ಮೂರಿನ ಡಾಕ್ಟರು ನೋಡಿ, ಹಬ್ಬ ಕಳೆದ ಮೇಲೆ ಬೆಂಗಳೂರಿಗೆ ಕರೆದೊಯ್ಯಿರಿ ಎಂದರು. ಭಾವ ಹೆದರಿ ಕೊಟ್ಟಿಗೆಯ ಕಡೆ ಸುಳಿಯಲಿಲ್ಲ. ಆ ಕಾಯಿಲೆ ಒಮ್ಮೆ ಬಂದು ವಾಸಿಯಾದವಳು ಎಂದು ಅವಳ ಆರೈಕೆ ನನ್ನ ಪಾಲಿಗೆ ಬಂತು. ನಾನು ಉಂಡಿದ್ದ ತಟ್ಟೆಯಲ್ಲೇ ಬಡಿಸಿದೆ. ಬಿಸಿನೀರಿನಲ್ಲಿ ಅವಳ ಮೈ ಒರೆಸಿದೆ, ಕಫದ ಚಿಪ್ಪನ್ನು ಬೂದಿ ಹಾಕಿ ಹೂತೆ. ಒಂದು ಕೆಲಸವನ್ನೂ ಕಡಿಮೆ ಮಾಡಲಿಲ್ಲ. ಮುದ್ದೆ ಮುಂದಿಟ್ಟು ಹೇಳುತ್ತಿದ್ದೆ: "ತಗ್ಗಿ ನಡೀಬೇಕಕ್ಕ. ಮಗೀನ ಆಸೆ ಬಿಟ್ಟು ದೇವ್ರಿಗೆ ಒಪ್ಪಿಸ್ಬಿಡಬೇಕು." ಅವಳು ತಲೆತಗ್ಗಿಸಿ ಉಣ್ಣುತ್ತಿದ್ದಳು. ಗುಡಿಯ ಹೆಂಗಸರು ಈಗ ನನ್ನನ್ನು ಹೊಗಳತೊಡಗಿದರು.

ಪಾಸ್ಕಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಸ್ವಾಮಿಗಳೂ ಕರೆದು, "ನಿನ್ನ ಸೇವೆಯ ವಿಷಯ ಕೇಳಿದೆನಮ್ಮ," ಎಂದರು.

"ಅದು ಸೇವೆ ಅಲ್ಲ ಸ್ವಾಮಿ. ಸೇಡು. ಅವಳು ನನ್ನ ಕೈಲಿ ಉಣ್ಣೋದನ್ನ ನೋಡೋಕೆ ಬಡಿಸ್ತೀನಿ."

ಅವರು ಬೈಯುತ್ತಾರೆಂದುಕೊಂಡೆ. "ಅವಳಿಗೆ ಹೊಟ್ಟೆ ತುಂಬ್ತಾ ಇದೆಯಾ?" ಎಂದರು.

"ತುಂಬ್ತದೆ."

"ಹಾಗಾದ್ರೆ ಬಡಿಸ್ತಾ ಇರು. ಮನಸ್ಸು ಸರಿಹೋಗಲಿ ಆಮೇಲೆ ಬಡಿಸ್ತೀನಿ ಅಂತ ಕೂತರೆ ಅವಳು ಉಪವಾಸ ಬೀಳ್ತಾಳೆ."

ಆ ಮಾತು ನನಗೆ ಹಿಡಿಸಲಿಲ್ಲ. ಪಾಸ್ಕ ಹಬ್ಬದ ಯೋಚನೆಯನ್ನು ನಾನು ಕೈಬಿಡಲಿಲ್ಲ. ಹಿತ್ತಲಲ್ಲಿ ಮಗುವಿಗೆ ಬೆಲ್ಲ ಕೊಟ್ಟು ಆ ಜಪ ಹೇಳಿಸುವುದನ್ನೂ ನಿಲ್ಲಿಸಲಿಲ್ಲ.

ಹಬ್ಬದ ದಿನ ಗುಡಿ ತುಂಬಿತ್ತು. ಲೂರ್ದುವಿಗೆ ಹೊಸ ಲಂಗ ತೊಡಿಸಿ, ಮುಂದಿನ ಸಾಲಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಪೂಜೆ ಮುಗಿಯಿತು. ನಾನು ಅವಳನ್ನು ಎತ್ತಿ ನಿಲ್ಲಿಸುವಷ್ಟರಲ್ಲಿ ಬಾಗಿಲ ಕಡೆಯಿಂದ ದನಿ ಕೇಳಿತು.

"ಸ್ವಾಮಿ, ಒಂದ್ ಮಾತು."

ಜ್ಞಾನಮ್ಮ ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದಳು. ಕೊಟ್ಟಿಗೆಯಿಂದ ಅಲ್ಲಿಯವರೆಗೆ ಹೇಗೆ ನಡೆದು ಬಂದಳೋ.

"ನಾನು ಒಳಗೆ ಬರಂಗಿಲ್ಲ, ನಂಗೂ ಆ ಕಾಯಿಲೆ ಐತೆ. ಇಲ್ಲಿಂದ್ಲೇ ಹೇಳ್ತೀನಿ." ಕೆಮ್ಮಿ, ಉಸಿರು ಹಿಡಿದು, ಮತ್ತೆ ಹೇಳಿದಳು: "ಲೂರ್ದು, ನಿಮ್ಮವ್ವ ಸತ್ತಿಲ್ಲ. ನೀನು ಯಾರ ತೊಡೆ ಮೇಲೆ ಕೂತಿದ್ದೀಯೋ, ಅವಳೇ ನಿಮ್ಮವ್ವ. ಸತ್ತೋದ್ಲು ಅಂತ ಹೇಳ್ಕೊಟ್ಟಿದ್ದು ನಾನು. ಅವಳು ವಾಸಿ ಆಯ್ತಾವ್ಳೆ ಅಂತ ಗೊತ್ತಾದ್ ಮೇಲೂ ಸತ್ತವರ ಜಪ ಹೇಳಿಸ್ದೆ. ನೀವೆಲ್ಲಾ ನನ್ನ ತಗ್ಗಿದವಳು ಅಂತಿದ್ರಿ. ಹಂಗ್ ಅನ್ನಿಸ್ಕೊಳ್ಳೋದು ಬಲು ಇಷ್ಟ ಆಗಿತ್ತು ನಂಗೆ."

ಮೆಟ್ಟಿಲ ಮೇಲೆ ಕುಸಿದಳು. ಭಾವ ಕಂಬ ಹಿಡಿದು ನಿಂತಿದ್ದರು. ಅಷ್ಟು ಜನರಲ್ಲಿ ಒಬ್ಬರೂ ಅವಳ ಹತ್ತಿರ ಹೋಗಲಿಲ್ಲ. ಬಾಗಿಲ ಬಳಿ ಕೂತಿದ್ದವರು ಮಕ್ಕಳನ್ನು ಎಳೆದುಕೊಂಡು ಹಿಂದೆ ಸರಿದರು.

ನನಗೆ ಬಂದದ್ದು ಕರುಣೆಯಲ್ಲ, ಕೋಪ. ಇಷ್ಟು ದಿನ ಕಾಪಾಡಿಕೊಂಡು ಬಂದಿದ್ದನ್ನು ಬಾಯಿಗಿಡುವ ಹೊತ್ತಿಗೆ ಕಸಿದುಕೊಂಡ ಹಾಗಿತ್ತು. ಮಗುವನ್ನು ಯಜಮಾನರ ಕೈಗೆ ಕೊಟ್ಟು, ಹೋಗಿ ಅವಳ ಕಂಕುಳಿಗೆ ಕೈಕೊಟ್ಟು ಎತ್ತಿದೆ. ಮೈ ಕೆಂಡದಂತಿತ್ತು, ತೂಕವೇ ಇರಲಿಲ್ಲ.

"ನಾನು ಆಡ್ಬೇಕಿದ್ದ ಮಾತನ್ನೂ ನೀನೇ ಆಡ್ಬಿಟ್ಯಲ್ಲ," ಎಂದೆ.

"ಹಿತ್ಲಲ್ಲಿ ನೀನು ಹೇಳ್ಕೊಡ್ತಿದ್ದುದು ಕೊಟ್ಟಿಗೆಗೆ ಕೇಳಿಸ್ತಿತ್ತು," ಎಂದಳು. "ಅದನ್ನ ಮಗು ಬಾಯಲ್ಲಿ ಹೇಳಿಸ್ಬಾರ್ದು ಕಣೆ. ದೊಡ್ಡವಳಾದ್ ಮೇಲೆ ನೆನೆಸ್ಕೊಂಡು ಕೊರಗ್ತಾಳೆ."

ದಾರಿಯುದ್ದಕ್ಕೂ ಅವಳನ್ನು ಆತುಕೊಂಡು ಮನೆಗೆ ತಂದೆ.

ಸೋಮವಾರ ಬಸ್ಸಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದೆ. ಬೆಂಚಿನ ಮೇಲೆ ಅವಳು ನನ್ನ ಭುಜಕ್ಕೊರಗಿ ಕೂತಿದ್ದಳು. ಚೀಟಿ ಬರೆಯುವವನು ನನ್ನನ್ನು ಕೇಳಿದ: "ಇವರು ನಿಮಗೇನಾಗ್ಬೇಕು?"

ನಾಲಿಗೆಯ ತುದಿಗೆ ಬಂದ ಮಾತುಗಳು ಒಂದೆರಡಲ್ಲ. "ನನ್ನ ಮಗಳಿಗೆ ದೊಡ್ಡವ್ವ ಆಗ್ಬೇಕು," ಎಂದೆ. ಜ್ಞಾನಮ್ಮ ಕಣ್ಣು ಮುಚ್ಚಿಕೊಂಡಳು. ಅದಕ್ಕಿಂತ ಹೆಚ್ಚಿನದನ್ನು ಕೊಡುವ ಶಕ್ತಿ ಅವತ್ತು ನನಗಿರಲಿಲ್ಲ. ಅದಕ್ಕಿಂತ ಕಡಿಮೆಯನ್ನೂ ಹೇಳಲಾಗಲಿಲ್ಲ.

ಅವಳೂ ವಾಸಿಯಾಗಿ ಬಂದಳು. ಅದಾಗಿ ಎಷ್ಟೋ ವರ್ಷಗಳಾದವು; ಲೂರ್ದು ಈಗ ಹೈಸ್ಕೂಲಿಗೆ ಹೋಗುತ್ತಾಳೆ. ಅವಳು ನನ್ನನ್ನು ಅವ್ವ ಎನ್ನಲು ಬಹಳ ಕಾಲ ಹಿಡಿಯಿತು. ಆಸ್ಪತ್ರೆಯಲ್ಲಿ ಕ್ಷಯಕ್ಕೆ ಕೊಟ್ಟ ಇಂಜೆಕ್ಷನ್ನುಗಳಿಂದ ನನ್ನ ಕಿವಿ ಮಂದವಾಗಿದೆ, ಒಂದಂತೂ ಪೂರ್ತಿ ಹೋಗಿದೆ. ಅದೇ ಸೂಜಿಗಳನ್ನು ಜ್ಞಾನಮ್ಮನಿಗೂ ಚುಚ್ಚಿದರು, ಅವಳ ಕಿವಿಗೆ ಏನೂ ಆಗಲಿಲ್ಲ. ಇದರ ಸಿಟ್ಟನ್ನೂ ನಾನು ಅವಳ ಮೇಲೆಯೇ ಹಾಕಿದ್ದೇನೆ. ಅವಳನ್ನು ಕ್ಷಮಿಸಿದೆ ಎಂದು ನಾನು ಇವತ್ತಿನವರೆಗೂ ಹೇಳಿಲ್ಲ. ಅವಳೂ ಕೇಳಿಲ್ಲ. ಗುಡಿ ಗುಡಿಸುವುದನ್ನು ಅವಳು ಬಿಟ್ಟಳು. ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಣ್ಣುತ್ತೇವೆ. ಸಿಟ್ಟು ಬಂದ ದಿನವೂ ಅವಳ ತಟ್ಟೆಗೆ ಬಡಿಸುತ್ತೇನೆ.

ಹೋದ ತಿಂಗಳು ಲೂರ್ದುವಿಗೆ ಜ್ವರ ಬಂದು ಮಲಗಿದ್ದಳು. ಮಧ್ಯಾಹ್ನ ನಾನು ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುತ್ತಿದ್ದೆ; ಮಗ್ಗದ ಸದ್ದಿನಲ್ಲಿ ನನಗೆ ಬೇರೇನೂ ಕೇಳಿಸುವುದಿಲ್ಲ. ಯಾರೋ ಭುಜ ಮುಟ್ಟಿದರು. ತಿರುಗಿದರೆ ಜ್ಞಾನಮ್ಮ. ಕೈ ಒದ್ದೆಯಾಗಿತ್ತು, ಅಡುಗೆಮನೆಯಿಂದ ಎದ್ದು ಬಂದಿದ್ದಳು. ಅಡುಗೆಮನೆಯಿಂದ ಮಗಳ ಹಾಸಿಗೆಗೆ ನಾಲ್ಕು ಹೆಜ್ಜೆಯೂ ಇಲ್ಲ, ಮಗ್ಗದ ಮನೆಗೆ ಅಂಗಳ ದಾಟಿ ಬರಬೇಕು.

ನನ್ನ ಕೇಳುವ ಕಿವಿಯ ಹತ್ತಿರ ಬಾಗಿ, "ಅವ್ವ ಅವ್ವ ಅಂತಾವ್ಳೆ. ಹೋಗು," ಎಂದಳು.

ನಾನು ಎದ್ದೆ. ಅವಳು ನನ್ನ ಜಾಗದಲ್ಲಿ ಕೂತು ರಾಟೆ ತಿರುಗಿಸತೊಡಗಿದಳು.